ಜ್ವರ ಯಾರ ಮನೆಯಿಂದ ಬಂತು?

"ಮುಟ್ಟಬೇಡ ನನ್ನ ಮೊಮ್ಮಗಳನ್ನ! ತವರಲ್ಲಿ ಮದುವೆ ಅಂತ ಹೋಗಿ ಮಾರೀನ ಸೆರಗಲ್ಲಿ ಕಟ್ಕೊಂಡು ಬಂದೆಯಲ್ಲೇ!"

ಜಿಂದೆರ್ ಪಟ್ಟಣದ ಆಸ್ಪತ್ರೆಯ ಅಂಗಳದಲ್ಲಿ, ಅಷ್ಟು ಜನರೆದುರು ಅತ್ತೆ ತಸಲ್ಲಾ ಹೀಗೆ ಕೂಗಿದಾಗ ಬರೀರಾ ತಲೆಯೆತ್ತಲಿಲ್ಲ. ಮರುಭೂಮಿಯ ಒಣಗಾಳಿ ವಾರಗಳಿಂದ ದೂಳೆರಚುತ್ತಿತ್ತು. ಎಲ್ಲರ ಗಂಟಲೂ ಕೆರೆದು ಹುಣ್ಣಾಗಿತ್ತು. ಒಳಗೆ ಬರೀರಾಳ ನಾಲ್ಕು ವರ್ಷದ ಮಗಳು ಸರಾತು ಕತ್ತು ಮರಗಟ್ಟಿ, ಬೆಳಕು ಕಂಡರೆ ಚೀರುತ್ತ ಮಲಗಿದ್ದಳು... ಬರೀರಾಳ ಗಂಡ ಸನೂಸಿ ತಾಯಿಯ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡುತ್ತ ನಿಂತಲ್ಲಿ ನಿಲ್ಲಲಾರದೆ ಓಡಾಡುತ್ತಿದ್ದ.

ಮಗುವಿನ ಬೆನ್ನಿನಿಂದ ತೆಗೆದ ನೀರನ್ನು ಪರೀಕ್ಷಿಸಿ ಡಾಕ್ಟರ್ ಗಾರ್ಬಾ ಹೊರಬಂದರು.

"ಮಿದುಳುಪೊರೆಯ ಜ್ವರ. ವೈರಸ್‌ನಿಂದ ಬಂದಿದ್ರೆ ಹೆಚ್ಚಾಗಿ ತಾನೇ ಇಳೀತಿತ್ತು. ಕ್ಷಯದಿಂದ ಬರೋದು ನಿಧಾನ. ಇದು ಬ್ಯಾಕ್ಟೀರಿಯಾದ್ದು, ಬಲು ಜೋರು. ಇಂಜೆಕ್ಷನ್ ಶುರುಮಾಡಿದೀನಿ."

"ಇವಳ ತವರಿಂದ ತಾನೇ ಬಂದಿದ್ದು?" ತಸಲ್ಲಾ ಬಿಡಲಿಲ್ಲ.

"ಆ ಊರಲ್ಲಿ ಒಬ್ಬರಿಗೂ ಇಲ್ಲಮ್ಮ. ಈ ಕ್ರಿಮಿ ಗಟ್ಟಿಮುಟ್ಟಾದವರ ಗಂಟಲಲ್ಲೇ ಸುಮ್ನೆ ಕೂತಿರುತ್ತೆ, ಅವರಿಗೇನೂ ಆಗಲ್ಲ. ಕೆಮ್ಮು, ಎಂಜಲಿಂದ ಮಗೂಗೆ ದಾಟುತ್ತೆ. ನಿಮ್ಮನೇಲೇ ಯಾರಿಂದ್ಲೋ ಬಂದಿರ್ಬೋದು. ಎಲ್ರೂ ಮಾತ್ರೆ ನುಂಗಿ."

ದಿನಾ ಬೆಳಿಗ್ಗೆ ಸಜ್ಜೆಯ ಅಂಬಲಿಯನ್ನು ತಾನೊಂದು ಗುಟುಕು ಕುಡಿದು, ಅದೇ ಸೌಟನ್ನು ಮಗುವಿನ ತುಟಿಗಿಡುತ್ತಿದ್ದವಳು ತಸಲ್ಲಾಳೇ!

ಸರಾತು ಬದುಕಿದಳು, ಬಲಗಿವಿ ಮಾತ್ರ ಹೋಯಿತು. ಮನೆಗೆ ಬಂದ ಮೇಲೂ ತಸಲ್ಲಾ ಮಗುವಿನ ಹತ್ತಿರ ಸುಳಿಯಲಿಲ್ಲ. "ಅಜ್ಜೀ" ಎಂದು ಮಗು ಕೈಚಾಚಿದರೆ ಎದ್ದು ಹೊರಗೋಡೆಯ ಪಕ್ಕಕ್ಕೆ ಹೋಗಿಬಿಡುವಳು. ಊಟ ಮುಟ್ಟಳು, ಕೂರಳು, ಮಲಗಳು.

"ಒಂದು ತುತ್ತಾದ್ರೂ ತಿನ್ನಿ, ಅತ್ತೆ."

"ನಾನೇ ಕಣೇ... ನನ್ನೆಂಜಲೇ ಅದರ ಕಿವಿ ತಿಂದಿದ್ದು..."

ಹೌದೆಂದು ಬರೀರಾ ತಲೆಯಾಡಿಸಿದ್ದರೆ ಸಾಕಿತ್ತು. ಅಂಗಳದ ಆ ಅವಮಾನಕ್ಕೆಲ್ಲ ಸೇಡು ತೀರುತ್ತಿತ್ತು. ಆದರೆ ಅವಳಿಗೆ ಮುದುಕಿ ಮುಟ್ಟದೆ ಬಿಟ್ಟ ತಟ್ಟೆಯಷ್ಟೇ ಕಂಡಿತು.

"ಅಲ್ಲ ಅತ್ತೆ. ನೀವಂದಿದ್ದೇ ನಿಜ. ಮದುವೆಮನೇಲಿ ನನ್ನ ತಂಗಿಗೆ ಜ್ವರ ಇತ್ತು. ಯಾರಿಗೂ ಹೇಳ್ದೆ ಮುಚ್ಚಿಟ್ಟೆ."

ತಂಗಿಗೆ ಜ್ವರವೂ ಇರಲಿಲ್ಲ, ಮುಚ್ಚಿಟ್ಟದ್ದೂ ಇರಲಿಲ್ಲ. ತಸಲ್ಲಾ ಸೊಸೆಯ ಕಣ್ಣುಗಳನ್ನೇ ದಿಟ್ಟಿಸಿದಳು. ಆಮೇಲೆ, "ನಾನು ಹೇಳಿರ್ಲಿಲ್ವಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕೂಗು ನಡುವೆಯೇ ಒಡೆದು ಅಳುವಾಯಿತು. ಓಡಿ ಒಳಹೊಕ್ಕು ಸರಾತುವನ್ನು ಬಾಚಿ ತಬ್ಬಿಕೊಂಡಳು.

"ಏನಂದೆ ನೀನು?" ಬಾಗಿಲಲ್ಲಿ ಸನೂಸಿ ಗುಡುಗಿದ.

ಒಳಗೆ ಅಜ್ಜಿ ಮೊಮ್ಮಗಳು ಒಟ್ಟಿಗೆ ನಗುವುದು ಕೇಳಿಸುತ್ತಿತ್ತು. ಬರೀರಾ ಮುಸುಕು ಸರಿಪಡಿಸಿಕೊಂಡು, ಗಂಡನ ಬೈಗುಳಕ್ಕೆ ಎದ್ದು ನಿಂತಳು.