ಎಮ್ಮೆಗೆ ಹೇಳಿದ ಮೊದಲ ಮಾತು

“ಕರು ಎಲ್ಲಿ?” ಎಂದಿತು ಕೊಟ್ಟಿಗೆಯ ಗೋಡೆಗೆ ತಗುಲಿಸಿದ್ದ ಸ್ಪೀಕರು.

ಕೇಳಿದವಳು ಚಂದ್ರಿ, ವಿಠೋಬಾ ಘಾಟಗೆಯ ಎಮ್ಮೆ. ಅವಳ ಕೊರಳಿಗೆ ಕಟ್ಟಿದ್ದ ಪಟ್ಟಿಯನ್ನು ಕಂಡುಹಿಡಿದವಳು ಪ್ರಾಣಿಗಳ ದನಿಯ ಸಂಶೋಧಕಿ ನೀಲಾಂಬಿಕಾ. ಎಮ್ಮೆಗಳು ಮನುಷ್ಯರ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ ಒಂದರೊಡನೊಂದು ಮಾತಾಡುತ್ತವೆಂದು ಅವಳು ವರ್ಷಗಟ್ಟಲೆ ಹಿಂದೆ ಬಿದ್ದು ತೋರಿಸಿದ್ದಳು. ಆ ದನಿಯನ್ನು ಪಟ್ಟಿ ಹಿಡಿದು ಕನ್ನಡಕ್ಕೆ ತಿರುಗಿಸುತ್ತಿತ್ತು. ಮನುಷ್ಯರು ಬರೆದದ್ದನ್ನು ಆ ದನಿಗೆ ತಿರುಗಿಸಿ ಎಮ್ಮೆಗೆ ಕೇಳಿಸುವ ಭಾಗ ಮಾತ್ರ ಹೊಸದು. ಅದನ್ನಿನ್ನೂ ಯಾರೂ ಬಳಸಿರಲಿಲ್ಲ.

ಕರು ಜ್ವರದಿಂದ ಸತ್ತಿತ್ತು. ತಾಯಿ ಕಾಣುವ ಮೊದಲೇ ಹೊಲದಂಚಿನಲ್ಲಿ ಹೂತಿದ್ದರು. ಚಂದ್ರಿ ಸೊರ ಬಿಡಲೊಲ್ಲಳು, ಹಾಲು ಕೆಚ್ಚಲಲ್ಲೇ ಉಳಿದಿತ್ತು.

“ಮೇಡಂ, ಕೆಚ್ಚಲ ಕಲ್ಲಾಗೇತ್ರಿ. ಹಿಂಗ ಬಿಟ್ರ ಬಾವು ಬರತೈತಿ. ನಿಮ್ಮ ಯಂತ್ರದಿಂದ ಏನರ ಒಂದ ಮಾತ ಹೇಳ್ರಿ,” ಅಂದ ವಿಠೋಬಾ.

ಚಂದ್ರಿ ನೋಯುತ್ತಿದ್ದುದು ನಿಜ. ಯಂತ್ರ ಕೆಲಸ ಮಾಡುತ್ತದೋ ಎಂದು ನೋಡುವ ಆಸೆಯೂ ಅಷ್ಟೇ ನಿಜ. ‘ಕರು ಬರುತ್ತದೆ’ ಎಂದು ನೀಲಾಂಬಿಕಾ ಬರೆದಳು.

ಚಂದ್ರಿ ಕಿವಿ ನಿಮಿರಿಸಿದಳು. ಬಹಳ ಹೊತ್ತು ಇಬ್ಬರನ್ನೂ ನೋಡಿದಳು. ಆಮೇಲೆ ಹಾಲಿಳಿಯಿತು. ವಿಠೋಬಾ ನಕ್ಕ, ನೀಲಾಂಬಿಕಾ ಕುಣಿಯುವುದೊಂದು ಬಾಕಿ.

ಮರುದಿನವೂ ಚಂದ್ರಿ ಕೇಳಿದಳು, ಅದೇ ಉತ್ತರ ಸಿಕ್ಕಿತು. ಕ್ರಮೇಣ ಕೇಳುವುದು ನಿಂತಿತು, ಹಾಲು ಮಾತ್ರ ನಿಲ್ಲಲಿಲ್ಲ. ಮರೆತುಬಿಟ್ಟಳು ಎಂದುಕೊಂಡಳು ನೀಲಾಂಬಿಕಾ. ಇವುಗಳಿಗೆ ಭಾಷೆಯಿದೆ, ಸಾವಿನ ಅರಿವಿಲ್ಲ. ಸಂಶೋಧಕರ ಸಭೆಯಲ್ಲಿ ಹಾಗೆಂದು ಹೇಳಲು ಸಿದ್ಧಳೂ ಆದಳು.

ಹೊರಡುವ ದಿನ ಬೆಳಗ್ಗೆ ಅವಳು ಪಟ್ಟಿ ಬಿಚ್ಚಲು ಹೋದಾಗ ಚಂದ್ರಿ ಪಕ್ಕದ ಮುದಿ ಎಮ್ಮೆಯೊಡನೆ ಮಾತಾಡುತ್ತಿದ್ದಳು. ಸ್ಪೀಕರು ಎರಡು ಕಡೆಯದನ್ನೂ ಹೇಳುತ್ತಿತ್ತು.

“ಕರು?” ಎಂದಿತು ಮುದಿ ಎಮ್ಮೆ.

“ಸತ್ತಿದೆ. ಗಾಳಿ ಬಂದಾಗ ವಾಸನೆ ಬಂತು,” ಅಂದಳು ಚಂದ್ರಿ.

“ಅವರು ಬರುತ್ತದೆ ಅಂದರು.”

“ಅವರಿಗೆ ಸಾವು ಗೊತ್ತಿಲ್ಲ. ಕಾಯುತ್ತಿದ್ದಾರೆ. ಅದಕ್ಕೇ ಹಾಲು ಕೊಡುತ್ತೇನೆ.”

ನೀಲಾಂಬಿಕಾಳ ಮುಖಕ್ಕೆ ರಕ್ತ ನುಗ್ಗಿತು. ಸುಳ್ಳು ಹೇಳಿದರು ಎಂದಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಚಂದ್ರಿಗೆ ಅವರಿಬ್ಬರ ಮೇಲೆ ಕನಿಕರವಿತ್ತು.

ನೀಲಾಂಬಿಕಾ ಬರೆದಳು: ‘ಕರು ಸತ್ತಿದೆ. ನಮಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಹೇಳಿದೆವು.’ ಯಂತ್ರ ಮೊದಲನೆಯ ವಾಕ್ಯವನ್ನಷ್ಟೇ ನುಡಿಯಿತು. ಉಳಿದದ್ದಕ್ಕೆ ಆ ಭಾಷೆಯಲ್ಲಿ ದನಿಯಿಲ್ಲವೆಂದು ತೋರಿಸಿತು. ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿದಳು. ಊಹೂಂ. ಗೊತ್ತಿದ್ದೂ ಬೇರೆ ಹೇಳುವುದು ಎಂಬುದೇ ಎಮ್ಮೆಗಳಲ್ಲಿರಲಿಲ್ಲ.

ಚಂದ್ರಿ ಹತ್ತಿರ ಬಂದಳು. ಸುದ್ದಿ ಈಗಷ್ಟೇ ತಿಳಿದವಳನ್ನು ಸಂತೈಸುವಂತೆ ನೀಲಾಂಬಿಕಾಳ ತೋಳನ್ನು ಒರಟು ನಾಲಗೆಯಿಂದ ನೆಕ್ಕತೊಡಗಿದಳು. ನೀಲಾಂಬಿಕಾ ಕೈ ಎಳೆದುಕೊಳ್ಳಲಾರದೆ, ಮುಖ ಎತ್ತಲಾರದೆ ನಿಂತಳು.

ಬಾಗಿಲಲ್ಲಿ ವಿಠೋಬಾ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಈ ಹೇಳೂ ಭಾಗ ತಗದಬಿಡ್ತೀನಿ,” ಅಂದಳು ಅವಳು. “ಹಾಲ ಹೆಚ್ಚಿಗಿ ಸಿಗತೈತಂತ ಡೇರಿಯವರು ಎಷ್ಟ ಕೇಳಿದ್ರೂ ಕೊಡಂಗಿಲ್ಲ. ಕೇಳಿಸ್ಕೊಳ್ಳೂದ ಇರಲಿ.”

ವಿಠೋಬಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಮ್ಮಪ್ಪ ಸತ್ತ ಕರದ ತೊಗಲಿನ್ಯಾಗ ಹುಲ್ಲ ತುಂಬಿ ತಾಯಿ ಮುಂದ ನಿಲ್ಲಸ್ತಿದ್ದ. ಅದು ನೆಕ್ಕತಿತ್ತು, ಹಾಲ ಬಿಡತಿತ್ತು. ಎಂಥಾ ದಡ್ಡ ಜನಾವರ ಅಂತ ಮನಿಮಂದಿಯೆಲ್ಲಾ ನಗತಿದ್ವಿ,” ಅಂದ. ಚಂದ್ರಿಯ ಕಡೆ ನೋಡಿ ಕೇಳಿದ: “ಹಂಗಾರ ಅವು ನೆಕ್ಕತಿದ್ದದ್ದು ಯಾರ ಸಲುವಾಗಿರಿ, ಮೇಡಂ?”