ಎರಡರಿಂದ ಮೂರು

“ನನ್ನ ಟೂಲಿನ ಪರೀಕ್ಷೆ ಒಂದನ್ನ ಯಾಕ್ರೀ ಕಿತ್ತುಹಾಕಿದ್ರಿ?”

ಆರು ವರ್ಷ ಬರೀ ಮೇಲ್‌ನಲ್ಲಿ ಮಾತಾಡಿದವನ ದನಿ ಅವಳು ಫೋನಿನಲ್ಲಿ ಕೇಳಿದ್ದು ಅದೇ ಮೊದಲು. ಒಂದು ವೆಬ್‌ಸೈಟ್ ಏಕಕಾಲಕ್ಕೆ ಎಷ್ಟು ಜನರ ಭಾರ ತಾಳುತ್ತದೆಂದು ಅಳೆಯುವ ಟೂಲ್ ಬರೆದವನು ಅವನು; ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಜೊತೆಗೇ ಬರೆದಿಟ್ಟಿದ್ದ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಯಾರು ಬೇಕಾದರೂ ಸಲೀಸಾಗಿ ಹಾಕಿಕೊಳ್ಳುವಂತೆ ಟೂಲನ್ನು ಪ್ಯಾಕೇಜ್ ಮಾಡುವವಳು ಇವಳು, ಸಂಬಳವಿಲ್ಲದೆ.

“ಪ್ಯಾಕೇಜ್ ಕಟ್ಟೋ ಸರ್ವರಿಗೆ ಬೇಕಂತ್ಲೇ ಇಂಟರ್ನೆಟ್ ಕೊಟ್ಟಿರಲ್ಲ. ನಿಮ್ಮ ಪರೀಕ್ಷೆ ಹೊರಗೆ ಹೋಗ್ಲೇಬೇಕು ಅಂತ ಹಟ ಹಿಡಿಯುತ್ತೆ.”

“ಪಾಪ, ಕೂಡಿಹಾಕಿಬಿಟ್ರಾ?”

ಅವಳಿಗೆ ನಗು ಉಕ್ಕಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದ ಕೋಣೆಯಲ್ಲಿ, ಏಳು ವರ್ಷದಿಂದ ಹಾಸಿಗೆ ಹಿಡಿದಿರುವ ಅಪ್ಪ ಮಲಗಿದ್ದರು. ಅಣ್ಣ, ಅತ್ತಿಗೆ ಇಬ್ಬರಿಗೂ ಕೆಲಸ. “ನೀನು ಹೇಗೂ ಮನೇಲೇ ಇರ್ತೀಯಲ್ಲಾ” ಎಂದು ಅಣ್ಣ ಆಗ ಹೇಳಿದ ಮಾತು ಬೀಗವಿಲ್ಲದೆಯೂ ಬಾಗಿಲು ಹಾಕಿತ್ತು.

“ಇನ್ನೊಂದು ಕೇಳ್ಲಾ? ಪ್ರತಿ ಸಲ ಏನು ಬದಲಾಯ್ತು ಅಂತ ಟಿಪ್ಪಣಿ ಬರೀತೀರಲ್ಲ, ಎಲ್ಲದರಲ್ಲೂ ಸಮಯ ಮಧ್ಯಾಹ್ನ ಎರಡರಿಂದ ಮೂರು. ಉಳಿದ ಇಪ್ಪತ್ಮೂರು ಗಂಟೆ ಯಾರಿಟ್ಕೊಂಡಿದ್ದಾರೆ?”

ಹಗಲಲ್ಲಿ ಅಪ್ಪ ನಿದ್ದೆ ಮಾಡುವುದೇ ಆ ಒಂದು ಗಂಟೆ.

“ಅದನ್ನೆಲ್ಲ ಯಾರ್ರೀ ನೋಡ್ತಾರೆ?”

“ನಾನು ನೋಡ್ತೀನಿ.”

ಅವಳ ಕಿವಿ ಬಿಸಿಯಾಯಿತು.

“ಶನಿವಾರ ನಿಮ್ಮೂರಿಗೆ ಬರ್ತಿದ್ದೀನಿ. ಲೈಬ್ರರಿ ಎದುರು ಕಾಫಿ, ಬೆಳಗ್ಗೆ ಹತ್ತಕ್ಕೆ?”

“ಹತ್ತಕ್ಕಾಗಲ್ಲ. ಎರಡಕ್ಕಾದ್ರೆ...”

“ಬೇಡ. ಅದೊಂದೇ ಗಂಟೆ ನಿಮ್ದು. ಅದನ್ನ ನಾನು ಕಿತ್ಕೊಳ್ಳಲ್ಲ.”

ಸಂಜೆ ಬಟ್ಟೆ ಮಡಿಸುತ್ತಾ ಅವಳು ಹೇಳಿದಳು, “ಅಣ್ಣಾ, ಶನಿವಾರ ಬೆಳಗ್ಗೆ ಅಪ್ಪನ್ನ ನೀನು ನೋಡ್ಕೊ.”

“ನಿಂಗೇನೇ ಕೆಲಸ? ನೀನು ಹೇಗೂ...”

“ಇರಲ್ಲ.”

ಅಣ್ಣ ಹೆಂಡತಿಯ ಮುಖ ನೋಡಿದ. “ನನ್ನೇನ್ರೀ ನೋಡ್ತೀರಾ? ನಿಮ್ಮಪ್ಪ ತಾನೆ!” ಎಂದಳು ಅತ್ತಿಗೆ.

ಶನಿವಾರ ಹತ್ತಕ್ಕೆ ಲೈಬ್ರರಿ ಎದುರು ಕಾಫಿಗೆ ಸಿಕ್ಕ ಅವನು ಅವಳೆಣಿಸಿದ್ದಕ್ಕಿಂತ ಕುಳ್ಳಗಿದ್ದ, ಕಿವಿಯ ಬಳಿ ಕೂದಲು ನರೆತಿತ್ತು. ಆ ಪರೀಕ್ಷೆಯನ್ನು ಹೊರಗೆ ಹೋಗದಂತೆ ತಿದ್ದಿ ತಂದಿದ್ದ. ಅವಳು ಲ್ಯಾಪ್‌ಟಾಪ್ ತೆರೆದು ಅದನ್ನು ಮರಳಿ ಸೇರಿಸಿ ಟಿಪ್ಪಣಿ ಬರೆದಳು. ಸಮಯ ತಾನಾಗಿ ಬಂದು ಕೂತಿತು: ಬೆಳಗ್ಗೆ ಹತ್ತು ನಲವತ್ತು.

ಅವನು ಅದನ್ನೇ ನೋಡುತ್ತಿದ್ದ. ಆಮೇಲೆ ಅವಳನ್ನು. ಅವಳು ಲೋಟದ ಅಂಚು ಉಜ್ಜತೊಡಗಿದಳು.

ಫೋನ್ ಹೊಡೆದುಕೊಂಡಿತು. ಅಣ್ಣ. “ಅಪ್ಪನ ಮಾತ್ರೆ ಎಲ್ಲಿದೆಯೇ?”

“ನೀಲಿ ಡಬ್ಬೀಲಿ.”

“ಎಷ್ಟೊತ್ತಿಗೆ ಬರ್ತೀಯ?”

“ಬರ್ತೀನಿ.”

ಹೋಗಲೇಬೇಕು, ಅದು ಇಬ್ಬರಿಗೂ ಗೊತ್ತಿತ್ತು. ಅವನು ಮೆಲ್ಲಗೆ ಕೇಳಿದ, “ಮುಂದಿನ ಶನಿವಾರ?”

“ಎರಡರಿಂದ ಮೂರು ಬೇಡ,” ಎಂದಳು ಅವಳು. “ಇದೇ ಹೊತ್ತಿಗೆ ಬನ್ನಿ.”