ಹೊನೋರಾ ಡರ್ಕನ್‌ಳ ಸಾಲು

1958ರ ಮೇ 13, ಮಂಗಳವಾರ. ಬೆಳಿಗ್ಗೆ 9.10ಕ್ಕೆ ಕಿಲ್ಮೋರಾಗ್ ಠಾಣೆಯ ಫೋನ್ ಬಡಿದುಕೊಂಡಿತು. ಪೇದೆ ಲಾಫ್ಟಸ್ ಎತ್ತಿ, ಕೇಳಿ, ಬಾಯಿ ತೆರೆದುಕೊಂಡೇ ಫೋನ್ ಇಟ್ಟ.

"ಸಾರ್ಜೆಂಟ್ರೇ, ಫಾದರ್ ಹೆನಗನ್ ಮಾತಾಡಿದ್ದು. ಚರ್ಚಲ್ಲಿ ಕಳ್ಳತನ ಆಗಿದೆಯಂತೆ."

"ಏನು ಹೋಯ್ತು? ಬೆಳ್ಳಿ ಬಟ್ಟಲಾ?"

"ಪುಸ್ತಕ."

ಸಾರ್ಜೆಂಟ್ ಮಲಕಿ ಗೆರಟಿ ಟೋಪಿ ಹಾಕಿಕೊಂಡ. "ಈ ಊರಲ್ಲಿ ಪುಸ್ತಕ ಕದಿಯೋ ಅಷ್ಟು ಓದಿದೋನು ಯಾವನೋ ಇದಾನೆ? ನಡಿ ನೋಡೋಣ."

ದೂರು ಸಂಖ್ಯೆ 31/58 ನಮೂದಾಯಿತು. 9.45ಕ್ಕೆ ಮಹಜರು. ಪೂಜಾಪೀಠದ ಹಿಂದಿನ ಕೋಣೆ, ಓಕ್ ಮರದ ಕಪಾಟು. ಬೀಗ ಒಡೆದಿಲ್ಲ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಅಲ್ಲಿರುತ್ತದೆಂದು ಊರಿಗೆಲ್ಲ ಗೊತ್ತು. ಮೇಲಿನ ಅರೆಯ ಬೆಳ್ಳಿ ಹಾಗೇ ಇದೆ. ಹೋದದ್ದು 1842ರಿಂದ 1856ರವರೆಗಿನ ಜ್ಞಾನಸ್ನಾನದ ದಾಖಲೆ ಪುಸ್ತಕ, ಒಂದು; ಹುಟ್ಟಿದ ಕೂಸುಗಳ, ಹೆತ್ತವರ ಹೆಸರು ಬರೆದಿಡುವಂಥದ್ದು.

"ಇತ್ತೀಚೆಗೆ ಇದನ್ನ ಕೇಳಿದೋರು ಯಾರು ಫಾದರ್?"

"ಅಮೆರಿಕದಿಂದ ಬಂದ ಒಬ್ಬ ಹೆಂಗಸು. ತೋರಿಸಲಿಲ್ಲ."

"ಯಾಕೆ?"

"ಅದು ಚರ್ಚಿನ ಪುಸ್ತಕ ಗೆರಟಿ, ಸಂತೆ ಕರಪತ್ರ ಅಲ್ಲ. ಅವಳಿಗೆ ಬೇಕಾದ್ದನ್ನ ನಾನೇ ಓದಿ ಹೇಳಿದೀನಿ."

11.20ಕ್ಕೆ ಗೆರಟಿ ಆ ಹೆಂಗಸು ಇಳಿದುಕೊಂಡಿದ್ದ ಮನೆಗೆ ಹೋದ. ಹೆಸರು ಅಡೆಲ್ ಡರ್ಕನ್, ವಯಸ್ಸು ಅರವತ್ತೆಂಟು, ಊರು ಮೊಂಟಾನಾದ ತಾಮ್ರದ ಗಣಿಯ ಬ್ಯೂಟ್. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುವ ಹೃದಯ. ಅವಳ ತಾತ ಆಂಟನಿ ಡರ್ಕನ್ ಹದಿನೇಳಕ್ಕೆ ಹಡಗು ಹತ್ತಿದವನು. ಸಾಯುವ ತನಕ ಊರಿನ ಹೆಸರೊಂದು ಬಿಟ್ಟರೆ ಅಪ್ಪ ಅಮ್ಮ ಯಾರೆಂದು ಬಾಯಿ ಬಿಟ್ಟಿರಲಿಲ್ಲ.

"ಶುಕ್ರವಾರ ಶಾನನ್‌ನಿಂದ ನನ್ನ ವಿಮಾನ," ಎಂದಳು. "ಡಾಕ್ಟರು ಈ ಸಲವೇ ಹೋಗಬೇಡ ಅಂದಿದ್ರು. ಇನ್ನೊಂದು ಸಲ ಅನ್ನೋದು ನನಗಿಲ್ಲ."

"ಫಾದರ್ ಏನು ಹೇಳಿದ್ರಮ್ಮ?"

"ಅಂಗಡಿ ಡರ್ಕನ್ನರ ಮನೆತನ, ಡೊಮಿನಿಕ್ ಮತ್ತೆ ಸಬೀನಾ ದಂಪತಿ ಅಂದ್ರು. ಅವರ ಸಮಾಧಿಗೆ ಹೂವಿಟ್ಟು ಬಂದೆ."

"ನಿಮ್ಮ ತಾತನಿಗೆ ಮಕ್ಕಳೆಷ್ಟು?"

"ಏಳು. ಮಾರ್ಟಿನ್, ಕ್ಯಾಥರೀನ್, ಹೊನೋರಾ, ಥಾಮಸ್..." ಅವಳು ಬೆರಳು ಮಡಿಸುತ್ತ ಏಳನ್ನೂ ಹೇಳಿದಳು.

ಗೆರಟಿ ಹೊರಬಂದು ಸೈಕಲ್ಲಿಗೆ ಒರಗಿ ನಿಂತ. "ಲೇ ಲಾಫ್ಟಸ್, ನಿನ್ನ ಅಣ್ಣನ ಹೆಸರೇನೋ?"

"ಮೈಕೆಲ್. ಅಪ್ಪನ ಅಪ್ಪಂದು. ಮತ್ತೆ ಇನ್ಯಾರದ್ದು ಇಡ್ತಾರೆ?"

"ಅದೇ ಕಣೋ. ಏಳು ಮಕ್ಕಳಲ್ಲಿ ಒಬ್ಬನೂ ಡೊಮಿನಿಕ್ ಇಲ್ಲ. ನಮ್ಮೂರೋನು ಮೊದಲ ಮಗನಿಗೆ ಅಪ್ಪನ ಹೆಸರಿಡದೆ ಇರ್ತಾನಾ?"

"ಹಂಗಾದ್ರೆ ಫಾದರ್..." ಲಾಫ್ಟಸ್ ಸುತ್ತ ನೋಡಿ ದನಿ ತಗ್ಗಿಸಿದ. "ಸುಳ್ಳಾ?"

ಗೆರಟಿ ಸೈಕಲ್ ಹತ್ತಿದ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ಮಾತನ್ನು ಅವನು ಗಟ್ಟಿಯಾಗಿ ಆಡಿದವನಲ್ಲ. ಆ ಊರಲ್ಲಿ ಯಾರೂ ಆಡಿದವರಲ್ಲ. ಅದೇ ಆ ಊರಿಗೆ ಅಂಟಿದ ರೋಗ.

ಬುಧವಾರ 8.30ಕ್ಕೆ ಅಡೆಲ್ ತಾನೇ ಠಾಣೆಗೆ ಬಂದಳು, ಏದುಸಿರು ಬಿಡುತ್ತ. ಬೆಳಿಗ್ಗೆ ಎದ್ದಾಗ ಬಾಗಿಲಡಿ ಒಂದು ಹಾಳೆ ಸಿಕ್ಕಿತ್ತಂತೆ. ಮೂರು ಸಾಲು ಲ್ಯಾಟಿನ್. ಚಿಕ್ಕಂದಿನಲ್ಲಿ ಪೂಜೆಗೆ ಗಂಟೆ ಬಾರಿಸಿದ್ದ ಗೆರಟಿಗೆ ಅಷ್ಟು ಬರುತ್ತಿತ್ತು. ಓದಿದ.

"1849, ಫೆಬ್ರವರಿ 3. ಆಂಟನಿ. ತಾಯಿ, ಡೆರಿನಬ್ರಾಕ್‌ನ ಹೊನೋರಾ ಡರ್ಕನ್. ತಂದೆ ಎಂದು ಆಕೆ ಹೇಳುವುದು, ಮಾರ್ಟಿನ್ ಗ್ಯಾವಿನ್, ಕೂಲಿ, ಜ್ವರದಿಂದ ಸತ್ತವನು." ಅಂಚಿನಲ್ಲಿ ಇನ್ನೊಂದು ಪದವಿತ್ತು. ಅದನ್ನೂ ಓದಿದ. "ಹಾದರದ ಕೂಸು."

ಅಡೆಲ್ ಕುರ್ಚಿಯ ತೋಳು ಹಿಡಿದಳು. "ನನ್ನಪ್ಪನ ಹೆಸರೂ ಮಾರ್ಟಿನ್. ಸೋದರತ್ತೆ ಹೆಸರೂ ಹೊನೋರಾ. ಇದು ನಿಜಾನಾ ಸಾರ್ಜೆಂಟ್?"

"ಮೂಲ ಪುಸ್ತಕ ನೋಡದೆ ಹೇಳೋಕಾಗಲ್ಲಮ್ಮ."

"ನಂಗೆ ಇರೋದು ಎರಡು ದಿನ."

ಅವಳು ಹೋದ ಮೇಲೆ ಗೆರಟಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಲ್ಯಾಟಿನ್ ಬಲ್ಲವನು ಗೀಚಿಕೊಂಡು ಹೋಗುತ್ತಾನೆ. ಇದನ್ನು ಬರೆದವನು ಒಂದೊಂದು ಅಕ್ಷರವನ್ನೂ ಚಿತ್ರದಂತೆ ಬಿಡಿಸಿದ್ದ. ಮೂಲದಲ್ಲಿ ಮಸಿ ಚೆಲ್ಲಿದ್ದಿರಬೇಕು, ಆ ಕಲೆಯನ್ನೂ ಬಿಟ್ಟಿರಲಿಲ್ಲ. ಪ್ರತಿ ಸಾಲಿಗೂ ಮೇಲೊಂದು ಕೆಳಗೊಂದು ಸೀಸದಕಡ್ಡಿಯ ತೆಳುಗೆರೆ. ಸಾಲಿನ ನಟ್ಟನಡುವೆ ಒಂದು ಪುಟ್ಟ ಗುರುತು.

"ಲಾಫ್ಟಸ್, ಎಡಗಡೆಯಿಂದ ಬರೆಯೋದು ಬಿಟ್ಟು, ಮೊದಲು ನಡು ಗುರುತು ಮಾಡಿ ಅಳೆದು ಬರೆಯೋನು ಯಾರೋ?"

"ತಲೆಕೆಟ್ಟೋನು."

"ಸಮಾಧಿ ಕಲ್ಲು ಕೆತ್ತೋನು. ಎರಡೂ ಪಕ್ಕ ಸಮ ಬರಬೇಕಲ್ಲ."

ಕಿಲ್ಮೋರಾಗ್‌ನಲ್ಲಿ ಕಲ್ಲು ಕೆತ್ತುವವನು ಒಬ್ಬನೇ, ಜಾರ್ಲತ್ ಕಾಯ್ನ್. ಸಂಜೆ 4ಕ್ಕೆ ಅಡೆಲ್‌ಳನ್ನು ಮತ್ತೆ ಕೇಳಿದಾಗ, ಅವನನ್ನು ಕಂಡಿದ್ದು ನಿಜ ಎಂದು ಒಪ್ಪಿದಳು. ತಾತನ ಹೆಸರನ್ನು ಅಂಗಡಿ ಡರ್ಕನ್ನರ ಕಲ್ಲಿಗೆ ಸೇರಿಸು ಎಂದು ಶನಿವಾರ ಅವನ ಬಳಿಗೆ ಹೋಗಿದ್ದಳು. ಅವನೂ ಏಳು ಮಕ್ಕಳ ಹೆಸರು ಕೇಳಿ, ಉಳಿಯನ್ನು ಕೆಳಗಿಟ್ಟುಬಿಟ್ಟನಂತೆ. ಕಾಯ್ನ್ ಅಂದು ಸಂಜೆ ಊರಲ್ಲಿರಲಿಲ್ಲ, ಕ್ವಾರಿಗೆ ಹೋಗಿದ್ದ.

ಗುರುವಾರ ಯೇಸುವಿನ ಸ್ವರ್ಗಾರೋಹಣದ ಹಬ್ಬ. ಕೆಲಸ ಮುಟ್ಟುವುದು ಪಾಪ. ಊರಿಗೆ ಊರೇ ಚರ್ಚಿನೊಳಗೆ ಮಂಡಿಯೂರಿತ್ತು. 11.30ಕ್ಕೆ ಗೆರಟಿ, ಲಾಫ್ಟಸ್ ಸ್ಮಶಾನದ ಗೋಡೆ ದಾಟುವಾಗ ಆಚೆಯ ಕಾಯ್ನ್‌ನ ಮನೆಯಂಗಳದಿಂದ ಒಂದೇ ಒಂದು ಉಳಿಯ ಸದ್ದು, ಟಣ್, ಟಣ್, ಪ್ರಾರ್ಥನೆಯ ಮೇಲೆಯೇ ಬೀಳುತ್ತಿತ್ತು.

"ಹಬ್ಬದ ದಿನ ಕೆಲಸಾನಾ ಜಾರ್ಲತ್?"

"ಬನ್ನಿ ಸಾರ್ಜೆಂಟ್ರೇ. ತಡ ಮಾಡಿದ್ರಿ." ಅವನಿಗೆ ನಲವತ್ತು ವರ್ಷ, ಹುಬ್ಬಿಗೆಲ್ಲ ಕಲ್ಲಿನ ಹಿಟ್ಟು. ಅವನ ಮುಂದಿದ್ದ ಹೊಸ ಕಲ್ಲಿನ ಮೇಲೆ 'ಹೊನೋರಾ' ಮುಗಿದಿತ್ತು.

"ಪುಸ್ತಕ ಎಲ್ಲಿ?"

"ಬ್ರೆಡ್ ಮುಚ್ಚೋ ಬಟ್ಟೇಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದೀನಿ. ಒಂದು ಹಾಳೆ ಮಡಚಿಲ್ಲ."

"ಯಾಕೆ ಕದ್ದೆ?"

"ಇಪ್ಪತ್ತು ವರ್ಷದಿಂದ ಈ ಊರಿನ ಅಪ್ಪ ಅಮ್ಮಂದಿರ ಹೆಸರು ಕೆತ್ತಿದೀನಿ. ಸುಳ್ಳು ಕೆತ್ತಿಲ್ಲ. ಫಾದರ್ ಆ ಮುದುಕಿ ಕೈಲಿ ಯಾರದೋ ಗೋರಿಗೆ ಹೂ ಇಡಿಸಿದ್ರಲ್ಲ, ಅದನ್ನ ಕಲ್ಲಲ್ಲೂ ಬರಿ ಅಂದ್ರೆ ಬರೀಬೇಕಾ? ಪುಸ್ತಕದಲ್ಲಿರೋ ಆ ಸಾಲು ಯಾರಪ್ಪನ ಆಸ್ತಿ, ಅವಳ ಮುತ್ತಜ್ಜೀದೇ ತಾನೆ!"

"ಹಾಳೆ ಕಳಿಸಿದ್ರೆ ಸಿಕ್ಕಿಬೀಳ್ತೀಯ ಅಂತ ಗೊತ್ತಿರಲಿಲ್ವಾ?"

"ಸಿಕ್ಕಿಬೀಳಲಿ ಅಂತಲೇ ಕಳಿಸಿದ್ದು. ನೀವು ಜಪ್ತಿ ಮಾಡಿದ್ರೆ ಏನು ಜಪ್ತಿ ಮಾಡಿದ್ರಿ ಅಂತ ಕೋರ್ಟಲ್ಲಿ ಓದಬೇಕು. ಆಮೇಲೆ ಯಾವ ಬೀಗಾನೂ ನಡಿಯಲ್ಲ."

ಲಾಫ್ಟಸ್‌ಗೆ ನಗು ಬಂತು. ಸಾರ್ಜೆಂಟ್ ಮುಖ ನೋಡಿ ನುಂಗಿಕೊಂಡ.

12.15ಕ್ಕೆ ಜಪ್ತಿ ಮಹಜರು. ಸಾಕ್ಷಿಯಾಗಿ ಗೆರಟಿ ಕರೆಸಿದ್ದು ಅಡೆಲ್ ಡರ್ಕನ್‌ಳನ್ನು. ಕಾಯ್ನ್‌ನ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಆ ಸಾಲಿನ ಕೆಳಗೆ ಬೆರಳಿಟ್ಟು, "ಗುರುತಿಸಿ ಓದಿ ಹೇಳಬೇಕಮ್ಮ, ಅದು ನಿಯಮ," ಎಂದ. ಅಂಥ ನಿಯಮ ಎಲ್ಲೂ ಇರಲಿಲ್ಲ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. ಅಂಚಿನ ಪದಕ್ಕೆ ಬಂದಾಗಲೂ ನಿಲ್ಲಲಿಲ್ಲ. ಗಟ್ಟಿಯಾಗಿ ಓದಿ, ರುಜು ಹಾಕಿದಳು.

ಅಷ್ಟರಲ್ಲಿ ಪೂಜೆ ಮುಗಿಸಿ ಫಾದರ್ ಹೆನಗನ್ ಬಂದರು. ಹಿಂದೆ ಅರ್ಧ ಊರು.

"ಪುಸ್ತಕ ಸಿಕ್ತಲ್ಲ, ದೂರು ವಾಪಸ್ ತಗೋತೀನಿ."

"ನಂಬರ್ ಬಿದ್ದಿದೆ ಫಾದರ್. ನನ್ನ ಕೈಲಿಲ್ಲ."

"ನಾನೇನು ಕೆಟ್ಟದ್ದು ಮಾಡಿದೆ? ಮರ್ಯಾದಸ್ತರ ಮನೆತನ ಕೊಟ್ಟೆ. ಇದಕ್ಕಿಂತ ಇನ್ನೇನು ಬೇಕಿತ್ತು ಆಕೆಗೆ?"

"ನನ್ನದು," ಎಂದಳು ಅಡೆಲ್.

ಮಧ್ಯಾಹ್ನ 1.05ಕ್ಕೆ ಠಾಣೆಯಲ್ಲಿ ದಸ್ತಗಿರಿ ನಮೂನೆ ತುಂಬುವ ಕೆಲಸ. ಲಾಫ್ಟಸ್ ಬರೆಯುತ್ತಿದ್ದ.

"ತಂದೆ ತಾಯಿ ಹೆಸರು?"

ನಾಲ್ಕನೇ ವಯಸ್ಸಿನಿಂದ ಹದಿನಾರರವರೆಗೆ ಅನಾಥ ಹುಡುಗರ ಶಾಲೆಯೊಂದರಲ್ಲಿ 214ನೇ ನಂಬರಾಗಿ ಬೆಳೆದವನು ಕಾಯ್ನ್. ಜ್ಞಾನಸ್ನಾನ ಈ ಚರ್ಚಿನಲ್ಲಿ ಆಯಿತೆಂದು ಶಾಲೆಯವರು ಕೊಟ್ಟ ಚೀಟಿ ನಂಬಿ ಈ ಊರಿಗೆ ಬಂದಿದ್ದ. 1940ರಲ್ಲಿ ಮದುವೆಗೆ ಬೇಕೆಂದು ತನ್ನ ಜ್ಞಾನಸ್ನಾನದ ಸಾಲು ಕೇಳಿದಾಗ, ಫಾದರ್ ಹೆನಗನ್ ಪುಸ್ತಕವನ್ನು ತನ್ನ ಎದೆಗೆ ತಿರುಗಿಸಿ ಹಿಡಿದು, ಅವನ ಹೆಸರೊಂದನ್ನೇ ಬರೆದುಕೊಟ್ಟಿದ್ದರು.

"ಅದೇ ಕಪಾಟಲ್ಲಿ ನಿನ್ನ ವರ್ಷದ ಪುಸ್ತಕಾನೂ ಇತ್ತಲ್ಲ," ಎಂದ ಗೆರಟಿ. "ಯಾಕೆ ತೆಗೀಲಿಲ್ಲ?"

"ನಂದನ್ನ ನಾನು ಕದ್ದು ಓದಲ್ಲ. ಅವರೇ ಕೈಯೆತ್ತಿ ಕೊಡಬೇಕು."

ಲಾಫ್ಟಸ್ ತಲೆ ಬಗ್ಗಿಸಿ 'ಗೊತ್ತಿಲ್ಲ' ಎಂದು ಬರೆದ.

"ಅದು ಸುಳ್ಳು," ಎಂದ ಕಾಯ್ನ್. "ಹೊಡೆದುಹಾಕು ಅದನ್ನ."

ಗೆರಟಿ ಪೆನ್ನು ತೆಗೆದುಕೊಂಡ. ಆ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದ: 'ಕೇಳಿದ್ದಾನೆ. ಫಾದರ್ ಹೆನಗನ್ ಕೊಟ್ಟಿಲ್ಲ.' ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಠಾಣೆಯ ಮೊಹರು ಒತ್ತಿದ.